ವಾರಿಜಕ್ಕನ ಎರಡು ಗಟ್ಟಿ ಹಲ್ಲು

ಮೊದಲೇ ಹೇಳಿಬಿಡುತ್ತೇನೆ, ನಾನು ಒಳ್ಳೆಯ ಹಲ್ಲಿನ ಡಾಕ್ಟರು. ಮೂವತ್ತಕ್ಕೂ ಹೆಚ್ಚು ವರ್ಷ ಬೆಳ್ತಂಗಡಿಯಲ್ಲಿ ಕ್ಲಿನಿಕ್ಕು ನಡೆಸಿ, ಪ್ರತಿ ಗುರುವಾರ ಕಕ್ಕಿಂಜೆಯ ಒಂದು ಮಾಳಿಗೆ ಕೋಣೆಯಲ್ಲಿ ಕೂತು ಊರಿನವರ ಬಾಯಿ ನೋಡಿದವಳು. ಈ ವಯಸ್ಸಿನಲ್ಲಿ ‘ನನಗೇನೂ ಗೊತ್ತಿಲ್ಲ’ ಅಂತ ವಿನಯದ ವೇಷ ಹಾಕುವುದು ನನ್ನಿಂದಾಗದು. ಆದರೆ ಒಳ್ಳೆಯವರ ಕೈಯಲ್ಲೂ ಕೆಲಸ ಕೆಡುವುದುಂಟು. ನನ್ನ ಕೈಯಲ್ಲಿ ಕೆಟ್ಟದ್ದು ವಾರಿಜಕ್ಕ ಎಂಬ ಬೀಡಿ ಕಟ್ಟುವ ಹೆಂಗಸಿನ ಎರಡು ಗಟ್ಟಿ ಹಲ್ಲು.

ಈಗ ನನ್ನ ಕ್ಲಿನಿಕ್ಕು ವಹಿಸಿಕೊಂಡ ಹುಡುಗಿ ಚುರುಕಿನವಳು. ಮೊನ್ನೆ ಫೋನ್ ಮಾಡಿ, “ಮೇಡಂ, ಬೇರೆ ಎಂಥ ಬಂದ್ರೂ ಮಾಡ್ತೇನೆ. ದವಡೆ ಕೀಲಿನ ನೋವು ಅಂತ ಬಂದ್ರೆ ಮಾತ್ರ ಕೈಕಾಲೇ ಆಡುದಿಲ್ಲ. ಹಲ್ಲು ಸರಿ ಇರ್ತದೆ, ಎಕ್ಸ್‌ರೇ ಸರಿ ಇರ್ತದೆ, ಎದುರು ಕೂತವರು ಮಾತ್ರ ಅಳ್ತಾ ಇರ್ತಾರೆ” ಅಂದಳು. “ಹೆದರಬೇಡ ಮಾರಾಯ್ತಿ, ಬರೆದು ಕೊಡ್ತೇನೆ” ಅಂದೆ. ಹಾಗೆ ಬರೆಯಲು ಕೂತಿದ್ದೇನೆ. ಪುಸ್ತಕದಲ್ಲಿ ಇರುವುದನ್ನು ಅವಳು ಅಲ್ಲಿಯೇ ಓದಿಕೊಳ್ಳಲಿ.

ನಾನು ಕೆಲಸ ಕಲಿತದ್ದು ಮೂಡುಬಿದಿರೆಯಲ್ಲಿ, ಒಬ್ಬ ಹಿರಿಯರ ಕೈಕೆಳಗೆ. ಅವರನ್ನು ಎಲ್ಲರೂ ದೊಡ್ಡ ಡಾಕ್ಟ್ರು ಅನ್ನುತ್ತಿದ್ದರು. ಕೈ ಅಂದರೆ ಕೈ! ಹಲ್ಲು ಕಿತ್ತು ಬಂದದ್ದು ರೋಗಿಗೆ ಗೊತ್ತಾಗುವ ಮೊದಲೇ ಅದು ಟ್ರೇಯಲ್ಲಿ ಟಣ್ ಅಂತ ಬಿದ್ದಾಗಿರುತ್ತಿತ್ತು. ಕೋಪವೂ ಅಷ್ಟೇ ಚುರುಕು. ನಾನು ಪರೀಕ್ಷೆ ಮಾಡಲು ಚೂರು ಹೆಚ್ಚು ಹೊತ್ತು ತೆಗೆದುಕೊಂಡರೆ, “ಎಂಥ ಹುಡುಕ್ತೀಯಾ ಒಳಗೆ? ಚಿನ್ನ ಬಿದ್ದಿದೆಯಾ? ನೋವು ಇರುವಲ್ಲಿ ಹಲ್ಲು ಉಂಟು, ಹಲ್ಲು ಇರುವಲ್ಲಿ ಇಕ್ಕಳ ಹಾಕು” ಅಂತ ಎಲ್ಲರೆದುರು ಗದರುತ್ತಿದ್ದರು. ಜನರಿಗೂ ಬೇಕಾದದ್ದು ಅದೇ. ಬಸ್ಸು ಹತ್ತಿ ಬಂದವರಿಗೆ ಹಲ್ಲು ಕೀಳದೆ ಬರೀ ಮಾತ್ರೆ ಕೊಟ್ಟು ಕಳುಹಿಸಿದರೆ, ‘ಈ ಡಾಕ್ಟ್ರಿಗೆ ಧೈರ್ಯ ಇಲ್ಲ’ ಅನ್ನುವ ಕಾಲ ಅದು.

ಆ ಪಾಠ ಹೊತ್ತುಕೊಂಡೇ ಬೆಳ್ತಂಗಡಿಗೆ ಬಂದು ಬೋರ್ಡು ಹಾಕಿದೆ. ಎರಡನೆಯ ವರ್ಷ ಇರಬೇಕು, ಕಕ್ಕಿಂಜೆಯ ಕೋಣೆಗೆ ವಾರಿಜಕ್ಕ ಬಂದರು. ನಲವತ್ತರ ಹತ್ತಿರದ ಪ್ರಾಯ, ತೆಳ್ಳಗಿನ ಮೈ, ಕಡಿಮೆ ಮಾತು. ಎಡಗೆನ್ನೆ ಹಿಡಿದುಕೊಂಡು, “ಡಾಕ್ಟ್ರಮ್ಮ, ಕಿವಿಯಿಂದ ಇಲ್ಲಿವರೆಗೆ ಜಗ್ತದೆ. ಸಂಜೆಯಾದ್ರೆ ಅನ್ನ ಜಗಿಲಿಕ್ಕೆ ಆಗುದಿಲ್ಲ” ಅಂದರು. ಕೆಳಗಿನ ಕೊನೆಯ ದವಡೆಹಲ್ಲಿನ ಮೇಲೆ ಎಳ್ಳಿನಷ್ಟು ಕಪ್ಪು ಚುಕ್ಕೆ ಇತ್ತು. ಕಳ್ಳ ಸಿಕ್ಕಿದ ಅಂದುಕೊಂಡು ಕಿತ್ತೆ. ಆ ಹಲ್ಲು ಬರಲು ಒಪ್ಪಲೇ ಇಲ್ಲ. ಬೇರು ಎಷ್ಟು ಗಟ್ಟಿ ಇತ್ತೆಂದರೆ ನನ್ನ ಭುಜ ಎರಡು ದಿನ ನೋಯುತ್ತಿತ್ತು. ಕೊಳೆತ ಹಲ್ಲು ಹಾಗೆ ಜಗಳ ಮಾಡುವುದಿಲ್ಲ ಅಂತ ನನಗೆ ಆಗಲೇ ಹೊಳೆಯಬೇಕಿತ್ತು.

ತಿಂಗಳು ಬಿಟ್ಟು ಬಂದರು. ನೋವು ಇದ್ದ ಹಾಗೇ ಉಂಟಂತೆ. ‘ಹಾಗಾದರೆ ಮೇಲಿನದ್ದು’ ಅಂತ ಅದನ್ನೂ ತೆಗೆದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಅಂತ ಗಾದೆ ಉಂಟಲ್ಲ, ಅದನ್ನು ಇಂಗ್ಲಿಷಿನಲ್ಲಿ ಓದಿ ಡಿಗ್ರಿ ತೆಗೆದುಕೊಂಡು ಮಾಡಿದವಳು ನಾನು. ಆಮೇಲೆ ಅವರು ಬರಲಿಲ್ಲ. ಬರದಿದ್ದದ್ದಕ್ಕೆ ಗುಣ ಆಗಿರಬೇಕು ಅಂತ ಸಮಾಧಾನ ಮಾಡಿಕೊಂಡೆ. ವೈದ್ಯರ ದೊಡ್ಡ ಮೂರ್ಖತನ ಇದು. ರೋಗಿ ಬಾರದಿದ್ದರೆ ಗುಣವಾಗಿಯೇ ಇರಬೇಕೆಂದಿಲ್ಲ, ನಿಮ್ಮ ಮೇಲಿನ ನಂಬಿಕೆ ಹೋಗಿಯೂ ಇರಬಹುದು.

ನನ್ನ ಕಣ್ಣು ತೆರೆಸಿದ್ದು ಒಬ್ಬ ಬಸ್ ಕಂಡಕ್ಟರ್. ಒಂದು ಬೆಳಿಗ್ಗೆ ನನ್ನ ಬೆಳ್ತಂಗಡಿಯ ಕ್ಲಿನಿಕ್ಕಿನ ಎದುರು ಚಾರ್ಮಾಡಿ ಕಡೆಗೆ ಹೋಗುವ ಬಸ್ಸು ಬಂದು ನಿಂತಿತು. ಅಲ್ಲಿ ಸ್ಟಾಪೇ ಇಲ್ಲ. ಡ್ರೈವರ್ ಇಳಿದು ಕಂಡಕ್ಟರನ ತೋಳು ಹಿಡಿದು ಒಳಗೆ ತಂದ. ಕಂಡಕ್ಟರನ ಬಾಯಿ ಪೂರ್ತಿ ತೆರೆದಿದೆ, ಮುಚ್ಚಲಿಕ್ಕಾಗುವುದಿಲ್ಲ. ಜೊಲ್ಲು ಇಳಿಯುತ್ತಿದೆ, ಕಣ್ಣಲ್ಲಿ ನೀರು. “ಉಜಿರೆ, ಉಜಿರೆ ಅಂತ ಕೂಗ್ತಾ ಇದ್ದ ಡಾಕ್ಟ್ರೇ, ಬಾಯಿ ಹಾಗೇ ನಿಂತಿತು. ಒಮ್ಮೆ ಮುಚ್ಚಿಸಿ ಕೊಡಿ, ಟೈಮಾಯ್ತು” ಅಂದ ಡ್ರೈವರ್, ಟಯರು ಪಂಚರ್ ಹಾಕಿಸಲು ಬಂದವನ ಹಾಗೆ. ಅವನ ಹಿಂದೆ ಅರ್ಧ ಬಸ್ಸೇ ಒಳಗೆ ಬಂತು. ಒಬ್ಬರು ಅಜ್ಜಿ, “ಕೆನ್ನೆಗೆ ಒಂದು ಬಾರಿಸಿ, ಕೂತ್ಕೊಳ್ತದೆ” ಅಂತ ಸಲಹೆಯನ್ನೂ ಕೊಟ್ಟರು.

“ಬಾರಿಸುವುದು ನಾನು, ಅದೂ ಈಗ ಹೊರಗೆ ಹೋಗದವರಿಗೆ” ಅಂತ ಎಲ್ಲರನ್ನೂ ಅಟ್ಟಿದೆ. ಇದೊಂದನ್ನು ದೊಡ್ಡ ಡಾಕ್ಟ್ರು ಚೆನ್ನಾಗಿ ಕಲಿಸಿದ್ದರು. ಮನುಷ್ಯನನ್ನು ತಗ್ಗಿನ ಸ್ಟೂಲಿನ ಮೇಲೆ ಗೋಡೆಗೆ ತಲೆ ಒರಗಿಸಿ ಕೂರಿಸಬೇಕು. ನಮ್ಮ ಹೆಬ್ಬೆರಳುಗಳಿಗೆ ಬಟ್ಟೆ ಸುತ್ತಿ, ಕೆಳಗಿನ ದವಡೆಹಲ್ಲಿನ ಮೇಲಿಟ್ಟು, ಮೊದಲು ಕೆಳಕ್ಕೆ ಒತ್ತಬೇಕು, ಆಮೇಲೆ ಹಿಂದಕ್ಕೆ ತಳ್ಳಬೇಕು. ಬಟ್ಟೆ ಸುತ್ತದವರ ಬೆರಳು ಹೋಗುತ್ತದೆ, ಯಾಕೆಂದರೆ ಕೀಲು ಕೂತ ಕೂಡಲೇ ಬಾಯಿ ಟಪ್ಪನೆ ಮುಚ್ಚುತ್ತದೆ. ಅವಸರ ಮಾಡಿದರೆ ಸ್ನಾಯು ಇನ್ನೂ ಬಿಗಿಯುತ್ತದೆ. ನಾನು ಅವನ ಹತ್ತಿರ ಊರು ಯಾವುದು, ಮಕ್ಕಳೆಷ್ಟು ಅಂತ ಉತ್ತರ ಬಾರದ ಪ್ರಶ್ನೆ ಕೇಳುತ್ತಾ ಮೆಲ್ಲ ಒತ್ತಿದೆ. ಟಕ್ ಅಂತ ಕೂತಿತು. ಅವನು ಎರಡು ಸಲ ಬಾಯಿ ಆಡಿಸಿ ನೋಡಿ, “ಎರಡು ಮಕ್ಕಳು” ಅಂದ.

ಎರಡು ವಾರ ಕೂಗಬಾರದು, ಆಕಳಿಸುವಾಗ ಗಲ್ಲದ ಕೆಳಗೆ ಕೈ ಕೊಡಬೇಕು ಅಂತ ಹೇಳಿ ಕಳುಹಿಸಿದೆ. ಅಷ್ಟೂ ದಿನ ಉಜಿರೆ, ಸೋಮಂತಡ್ಕ ಅಂತ ಡ್ರೈವರನೇ ಕೂಗಿದನಂತೆ, ಕಂಡಕ್ಟರ್ ಪಕ್ಕದಲ್ಲಿ ನಿಂತು ಬರೀ ವಿಷಲ್ ಊದಿದನಂತೆ.

ಊರಿಗೆ ಅದು ನಗುವ ಕಥೆಯಾಯಿತು, ನನಗೆ ಆಗಲಿಲ್ಲ. ಆ ದಿನ ನನ್ನ ಬೆರಳಿನ ಅಡಿಯಲ್ಲಿ ಕೀಲು ಜಾರಿ ಕೂತದ್ದನ್ನು ಮೊದಲ ಸಲ ಸ್ಪಷ್ಟವಾಗಿ ಅನುಭವಿಸಿದೆ. ಮನೆಗೆ ಹೋದವಳೇ ಕಾಲೇಜಿನ ಪುಸ್ತಕ ತೆಗೆದು, ಪರೀಕ್ಷೆಗೆ ಬಾರದು ಅಂತ ಬಿಟ್ಟಿದ್ದ ಅಧ್ಯಾಯ ಓದಿದೆ. ನೀವೂ ಕಿವಿಯ ಮುಂದೆ ಬೆರಳಿಟ್ಟು ಬಾಯಿ ತೆರೆದು ಮುಚ್ಚಿ ನೋಡಿ. ಅಲ್ಲಿ ಒಂದು ಗುಂಡು ಆಡುತ್ತದಲ್ಲ, ಅದೇ ಕೀಲು. ಬಾಗಿಲಿನ ಹಾಗೆ ತಿರುಗುವುದಲ್ಲದೆ ಮುಂದಕ್ಕೆ ಜಾರುವುದೂ ಉಂಟು. ನಡುವೆ ಒಂದು ಸಣ್ಣ ಮೆತ್ತೆ. ಅದನ್ನು ಆಡಿಸುವ ಕೆನ್ನೆಯ, ಕಣತಲೆಯ ಸ್ನಾಯುಗಳು ದಣಿದರೆ ಆ ನೋವು ಹಲ್ಲಿಗೆ ಬಂದ ಹಾಗೆ, ಕಿವಿಗೆ ಬಂದ ಹಾಗೆ ಕಾಣುತ್ತದೆ. ಸಂಜೆಗೆ ಜಾಸ್ತಿಯಾಗುತ್ತದೆ. ಜಗಿಯಲು ಆಗುವುದಿಲ್ಲ. ಓದುತ್ತಾ ಓದುತ್ತಾ ವಾರಿಜಕ್ಕನ ಎಡಗೆನ್ನೆ ಕಣ್ಣೆದುರು ಬಂತು. ಹುಡುಕಿಕೊಂಡು ಹೋಗಬೇಕಿತ್ತು, ಹೋಗಲಿಲ್ಲ. ನಾಚಿಕೆಯಾಯಿತು, ಅಷ್ಟೇ ಕಾರಣ.

ಹೊಸದು ಕಲಿತವರಿಗೆ ಎಲ್ಲಿ ನೋಡಿದರೂ ಅದೇ. ನೆರಿಯದಿಂದ ಒಬ್ಬ ಕೃಷಿಕರು ಬಂದರು. ಬಾಯಿಗೆ ಎರಡು ಬೆರಳು ಹೋಗುವುದೂ ಕಷ್ಟ. ನಾನು ಜಂಬದಿಂದ “ಕೀಲು” ಅಂತ ಹೇಳಿ ತಿಂಗಳು ವ್ಯಾಯಾಮ ಮಾಡಿಸಿದೆ. ಏನೂ ಆಗಲಿಲ್ಲ. ಮತ್ತೆ ಬಂದಾಗ ಕೆನ್ನೆಯ ಒಳಗೆ ಬೆರಳಾಡಿಸಿದರೆ ಚರ್ಮ ಚಪ್ಪಲಿಯ ತೊಗಲಿನಂತೆ ಬಿಗಿದಿತ್ತು. ಕೀಲಿನ ದೋಷ ಅಲ್ಲವೇ ಅಲ್ಲ, ದಿನವಿಡೀ ಬಾಯಲ್ಲಿಟ್ಟ ಅಡಿಕೆಯದ್ದು. “ಗೊಬ್ಬರ ಹಾಕಿ, ಮದ್ದು ಹೊಡೆದು ನಾನೇ ಬೆಳೆಸಿದ ಅಡಿಕೆ ನನ್ನ ಬಾಯಿ ಮುಚ್ಚಿಸ್ತದಾ? ಎಂಥ ಮಾತು ಡಾಕ್ಟ್ರೇ!” ಅಂತ ರೇಗಿದರು. ರೇಗಿದರೂ ಅಡಿಕೆ ತಿನ್ನುವುದು ಬಿಟ್ಟರು, ಮಂಗಳೂರಿಗೂ ಹೋಗಿ ಮದ್ದು ಮಾಡಿಸಿದರು. ಅಂದಿನಿಂದ ಬಾಯಿ ತೆರೆಯಲು ಆಗುವುದಿಲ್ಲ ಅಂತ ಬಂದವರ ಕೆನ್ನೆಯ ಒಳಗೆ ಬೆರಳಿಡದೆ ನಾನು ಮಾತೇ ಆಡಿಲ್ಲ. ಬಂಟ್ವಾಳದಿಂದ ಬಂದ ಒಬ್ಬರು ಟೀಚರು ಇದಕ್ಕೆ ತದ್ವಿರುದ್ಧ. ಬಾಯಿ ತೆರೆದಾಗ ಟಿಕ್ ಟಿಕ್ ಶಬ್ದ ಬರುತ್ತದೆ, ಆಪರೇಷನ್ ಮಾಡಿಸಬೇಕಾ ಅಂತ ಮೂರು ಊರು ಸುತ್ತಿ ಬಂದಿದ್ದರು. ನೋವು ಉಂಟಾ? ಇಲ್ಲ. ಬಾಯಿ ಸಿಕ್ಕಿಕೊಳ್ಳುತ್ತದಾ? ಇಲ್ಲ. “ಹಾಗಾದ್ರೆ ಶಬ್ದ ಮಾಡಿಕೊಂಡಿರಲಿ ಬಿಡಿ, ನಿಮ್ಮ ಕ್ಲಾಸಿನ ಮಕ್ಕಳಷ್ಟು ಮಾಡುದಿಲ್ಲವಲ್ಲ” ಅಂದೆ. ನಕ್ಕುಕೊಂಡು ಹೋದರು.

ಇಷ್ಟರಲ್ಲಿ ವಾರಿಜಕ್ಕ ತಾವಾಗಿಯೇ ಬಂದರು. ಒಂದು ಗುರುವಾರ ಕಕ್ಕಿಂಜೆಯಲ್ಲಿ ಕುರ್ಚಿಯ ಮೇಲೆ ಕೂತವರೇ, “ಪೂರಾ ತೆಗೆದುಬಿಡಿ ಡಾಕ್ಟ್ರಮ್ಮ. ಸೆಟ್ ಇಡುವ” ಅಂದರು. ನಮ್ಮಲ್ಲಿ ಇದೊಂದು ರೂಢಿ. ಒಂದೊಂದೇ ಹಲ್ಲಿನ ಉಪದ್ರ ಸಾಕಾದರೆ ಎಲ್ಲ ಕೀಳಿಸಿ ಕಟ್ಟಿಸಿದ ಹಲ್ಲು ಹಾಕಿಕೊಂಡು ‘ಒಂದು ರಗಳೆ ಮುಗಿಯಿತು’ ಅನ್ನುವುದು. ಬುದ್ಧಿಹಲ್ಲು ಮೂಡದ ವಾರಿಜಕ್ಕನ ಬಾಯಲ್ಲಿ ಇನ್ನೂ ಇಪ್ಪತ್ತಾರು ಹಲ್ಲು. ಒಂದೂ ಅಲುಗುವುದಿಲ್ಲ.

ಈ ಸಲ ಇಕ್ಕಳ ಮುಟ್ಟಲಿಲ್ಲ. ಕಿವಿಯ ಮುಂದೆ ಒತ್ತಿದೆ, ಕೆನ್ನೆಯ ಸ್ನಾಯುವಿನ ಗಂಟು ಒತ್ತಿದೆ. “ಅಯ್ಯೋ ದೇವರೇ, ಅದೇ!” ಅಂತ ಕೂಗಿದರು. “ನಿಮ್ಮ ಮೂರು ಬೆರಳು ಒಂದರ ಮೇಲೊಂದು ಇಟ್ಟು ಬಾಯಿಗೆ ಹಾಕಿ” ಅಂದರೆ ಎರಡಕ್ಕೇ ನಿಂತಿತು. ಸರಿ ಇದ್ದ ಬಾಯಿಗೆ ಮೂರೂ ಹೋಗಬೇಕು. ಕೆನ್ನೆಯ ಒಳಗೆ ಬೆರಳಾಡಿಸಿದೆ, ಮೆತ್ತಗೇ ಇತ್ತು. ಇದು ಕೀಲಿನ, ಸ್ನಾಯುವಿನ ನೋವು ಅಂತ ಹೇಳಿದೆ. ಬಿಸಿನೀರಿನ ಬಟ್ಟೆ ಇಡಿ, ಸ್ವಲ್ಪ ದಿನ ಗಂಜಿ ಉಣ್ಣಿ, ಮಲಗುವಾಗ ಹಲ್ಲಿಗೆ ಹಾಕಿಕೊಳ್ಳಲು ಒಂದು ಗಟ್ಟಿ ಪ್ಲಾಸ್ಟಿಕ್ಕಿನ ಕವಚ ಮಾಡಿಸಿ ಕೊಡ್ತೇನೆ ಅಂದೆ. ಎಲ್ಲ ಹೇಳಿದೆ, ಒಂದನ್ನು ಬಿಟ್ಟು. ಹಿಂದೆ ತೆಗೆದ ಎರಡು ಹಲ್ಲು ಯಾಕೆ ತೆಗೆದದ್ದು ಅಂತ ಅವರು ಕೇಳಲಿಲ್ಲ, ನಾನು ಬಾಯಿ ಬಿಡಲಿಲ್ಲ.

ತಿಂಗಳು ಕಳೆಯಿತು. ಕವಚದಿಂದ ಬೆಳಿಗ್ಗೆ ಏಳುವಾಗಿನ ನೋವು ಹೋಗಿತ್ತು, ಸಂಜೆಯದ್ದು ಹಾಗೇ. ವಾರಿಜಕ್ಕನಿಗೆ ಸಾಕಾಗಿತ್ತು. “ಒಂದು ಕಡೆ ಒಂದೇ ದಿನ ಪೂರಾ ತೆಗೆದುಕೊಡ್ತಾರಂತೆ. ಸೋಮವಾರ ಹೋಗ್ತೇನೆ. ನಿಮ್ಮ ಮೇಲೆ ಕೋಪ ಇಲ್ಲ ಡಾಕ್ಟ್ರಮ್ಮ, ನನಗೆ ಒಮ್ಮೆ ಸಂಕಟ ಇಲ್ಲದೆ ಉಣ್ಬೇಕು, ಅಷ್ಟೇ” ಅಂದರು. ನಾಲ್ಕೇ ದಿನ. ಹಲ್ಲೆಲ್ಲ ಹೋದ ಮೇಲೆಯೂ ಆ ನೋವು ಅಲ್ಲೇ ಇರುತ್ತದೆ ಅಂತ ನನಗೆ ಗೊತ್ತು. ಆದರೆ ಎರಡು ಸಲ ಸುಳ್ಳು ಹೇಳಿದ ಬಾಯಿ ಮೂರನೆಯ ಸಲ ಸತ್ಯ ಹೇಳಿದರೆ ಯಾರು ನಂಬುತ್ತಾರೆ?

ಅವರು ಹೋದ ಸ್ವಲ್ಪ ಹೊತ್ತಿಗೆ ಕರೆಂಟು ಹೋಯಿತು. ಯಂತ್ರ ನಿಂತಿತು, ಮಧ್ಯಾಹ್ನದವರೆಗೆ ಬರುವುದಿಲ್ಲ ಅಂದರು. ಕಾದಿದ್ದವರನ್ನು ಸಂಜೆಗೆ ಬರಲು ಹೇಳಿ, ರಸ್ತೆಯ ಕೆಳಗಿನ ವಾರಿಜಕ್ಕನ ಮನೆಗೆ ನಡೆದೆ. ಏನು ಹೇಳಬೇಕು ಅಂತ ಗೊತ್ತಿರಲಿಲ್ಲ.

ಒಂದೇ ಅಂಗಳಕ್ಕೆ ಎರಡು ಮನೆ. ಮೊದಲ ಮನೆಯ ಜಗಲಿಯಲ್ಲಿ ನಾಲ್ಕು ಜನ ಹೆಂಗಸರು ಸಾಲಾಗಿ ಕೂತು ಬೀಡಿ ಕಟ್ಟುತ್ತಿದ್ದರು. ಮಡಿಲಲ್ಲಿ ತಡ್ಪೆ ಎನ್ನುವ ಮೊರ, ಅದರಲ್ಲಿ ಎಲೆ, ಹೊಗೆಸೊಪ್ಪು, ನೂಲು. ಕೈ ಒಂದು ಕಡೆ, ಮಾತು ಒಂದು ಕಡೆ. ಯಾರದ್ದೋ ಮದುವೆಯ ಊಟದ ಸುದ್ದಿ, ಅದಕ್ಕೆ ನಗು. ವಾರಿಜಕ್ಕ ಅವರಲ್ಲಿ ಇರಲಿಲ್ಲ. ಎರಡನೆಯದಾದ ತಮ್ಮ ಮನೆಯ ಹಿಂದೆ, ಬಚ್ಚಲಿನ ಗೋಡೆಗೆ ಬೆನ್ನು ಕೊಟ್ಟು ಒಬ್ಬರೇ ಕೂತು ಕಟ್ಟುತ್ತಿದ್ದರು. ನಾನು ಬಂದದ್ದು ಅವರಿಗೆ ತಿಳಿಯಲಿಲ್ಲ. ಐದು ನಿಮಿಷ ನಿಂತು ನೋಡಿದೆ. ಎಲೆ ಸುರುಳಿ ಸುತ್ತುವಾಗ ಅವರ ಕೆನ್ನೆಯ ಗಂಟು ಉಬ್ಬುತ್ತದೆ. ತುದಿ ಮಡಚುವಾಗ ಉಬ್ಬುತ್ತದೆ. ನೂಲು ಬಿಗಿಯುವಾಗ ಹಲ್ಲು ಕಟಕಟ ಕೂಡಿ ಗಂಟು ಕಲ್ಲಾಗುತ್ತದೆ. ಮುಂದಿನ ಬೀಡಿ, ಮತ್ತೆ ಅದೇ. ಒಂದು ದಿನಕ್ಕೆ ನೂರಾರು ಬೀಡಿ, ಅಷ್ಟೂ ಸಲ ಹಲ್ಲು ಕಚ್ಚುವುದು! ನನ್ನ ಕವಚ ಹಾಕುವುದು ಮಲಗುವಾಗ, ದವಡೆ ಸವೆಯುವುದು ಹಗಲಿನಲ್ಲಿ.

“ವಾರಿಜಕ್ಕ, ನೀವು ಯಾಕೆ ಅವರ ಹತ್ರ ಕೂತು ಕಟ್ಟುದಿಲ್ಲ?” ಅಂತ ಕೇಳಿದೆ.

ಮುಖ ಗಂಟಿಕ್ಕಿತು. ನೂಲು ಬಿಗಿಯುತ್ತಲೇ ಹೇಳಿದರು. ಆಚೆ ಜಗಲಿಯ ಯಜಮಾನಿ ಸರಸು, ಇವರ ಗಂಡನ ಅಣ್ಣನ ಹೆಂಡತಿ. ಮದುವೆಯಾಗಿ ಬಂದಾಗಿನಿಂದ ಇಬ್ಬರೂ ಒಂದೇ ಚಾಪೆಯಲ್ಲಿ ಕೂತು ಕಟ್ಟಿದವರು. ಎರಡು ವರ್ಷದ ಹಿಂದೆ ಇಬ್ಬರ ಬೀಡಿ ಒಂದೇ ಬುಟ್ಟಿಯಲ್ಲಿ ಬೀಡಿ ಕಂಪನಿಯ ಬ್ರಾಂಚಿಗೆ ಹೋಗಿತ್ತು. ಅಲ್ಲಿ ಬೀಡಿ ನೋಡಿ ತೆಗೆದುಕೊಳ್ಳುವವರು ಒಂದು ಹಿಡಿ ಸಡಿಲು ಅಂತ ಮುರಿದು ಬಿಸಾಡಿದರು. ಆಗ ಸರಸು ಎಲ್ಲರೆದುರು, “ಅದು ನನ್ನದಲ್ಲ, ವಾರಿಜನದ್ದು” ಅಂದುಬಿಟ್ಟಳಂತೆ.

“ನನ್ನದೇ ಇರಬಹುದು. ಆದ್ರೆ ಅಷ್ಟು ಜನರೆದುರು ಹೇಳುದಾ? ಅವತ್ತಿನಿಂದ ನನ್ನ ಒಂದು ಬೀಡಿಯೂ ವಾಪಸ್ ಬರ್ಲಿಲ್ಲ ಡಾಕ್ಟ್ರಮ್ಮ, ಒಂದೇ ಒಂದು!” ಅಂದರು. ಹೇಳುವಾಗಲೂ ಹಲ್ಲು ಕಚ್ಚಿಯೇ ಇತ್ತು. ನೋವು ಶುರುವಾದದ್ದು ಯಾವಾಗ ಅಂತ ಕೇಳುವ ಅಗತ್ಯವೇ ಬೀಳಲಿಲ್ಲ.

ಮಾತು ಬೆಳ್ಳಿ, ಮೌನ ಬಂಗಾರ ಅನ್ನುತ್ತಾರೆ. ದವಡೆಯ ಕೀಲನ್ನು ಕೇಳಿದರೆ ಅದು ಬೆಳ್ಳಿಯನ್ನೇ ಆರಿಸಿಕೊಂಡೀತು. ಮಾತಾಡುವವರ ಹಲ್ಲು ಒಂದಕ್ಕೊಂದು ತಾಗಿಕೊಂಡಿರಲು ಸಮಯವೇ ಸಿಗುವುದಿಲ್ಲ. ತುಟಿ ಮುಚ್ಚಿದ್ದರೂ ಹಲ್ಲು ಬಿಟ್ಟಿರಬೇಕು, ನಾಲಗೆ ಮೇಲೆ ಅಂಗುಳಕ್ಕೆ ಒರಗಿರಬೇಕು. ಇದನ್ನು ಹೇಳಿಕೊಟ್ಟೆ, ತಡ್ಪೆಯನ್ನು ಎತ್ತರದಲ್ಲಿಟ್ಟು ಕತ್ತು ಬಗ್ಗಿಸದೆ ಕೂರಿ ಅಂದೆ. ಕೊನೆಗೆ, “ಸರಸಕ್ಕನ ಜಗಲಿಗೆ ಹೋಗಿ ಕೂರಿ. ಇದು ಮದ್ದು” ಅಂದೆ.

“ಹಲ್ಲು ಪೂರಾ ಹೋದ್ರೂ ಚಿಂತಿಲ್ಲ, ಅವಳ ಜಗಲಿ ಹತ್ತುದಿಲ್ಲ. ತಪ್ಪು ಮಾಡಿದವಳು ಬಂದು ಹೇಳ್ಲಿ. ತಪ್ಪಾಯ್ತು ಅನ್ಲಿಕ್ಕೆ ಏನು ಬಾಯಿ ಬಿದ್ದುಹೋಗ್ತದಾ?”

ಆ ಮಾತು ನೆಟ್ಟಗೆ ನನಗೇ ತಾಗಿತು. ಅವರ ಎದುರು ನೆಲದ ಮೇಲೆ ಕೂತೆ. “ವಾರಿಜಕ್ಕ, ತಪ್ಪಾಯ್ತು. ನಾನು ತೆಗೆದ ನಿಮ್ಮ ಎರಡು ಹಲ್ಲು ಒಳ್ಳೆಯ ಹಲ್ಲು. ಅವುಗಳಿಗೆ ಏನೂ ಆಗಿರಲಿಲ್ಲ. ನನಗೆ ಗೊತ್ತಾಗಲಿಲ್ಲ, ಆಮೇಲೆ ಗೊತ್ತಾಯ್ತು, ಹೇಳ್ಲಿಕ್ಕೆ ಧೈರ್ಯ ಬರ್ಲಿಲ್ಲ. ಸೋಮವಾರ ಹೋಗಬೇಡಿ. ಉಳಿದದ್ದೂ ಒಳ್ಳೆಯ ಹಲ್ಲು” ಅಂದೆ.

ವಾರಿಜಕ್ಕ ತಡ್ಪೆ ಕೆಳಗಿಟ್ಟರು. “ನೀವು ಹೋಗಿ ಡಾಕ್ಟ್ರಮ್ಮ” ಅಂದರು. ಅಷ್ಟೇ.

ಸೋಮವಾರ ಕಳೆಯಿತು. ಮುಂದಿನ ಗುರುವಾರ ಅವರು ಬರಲಿಲ್ಲ. ಅದರ ಮುಂದಿನದ್ದಕ್ಕೂ ಇಲ್ಲ. ಹೋಯಿತು, ಇಪ್ಪತ್ತಾರೂ ಹೋಯಿತು ಅಂದುಕೊಂಡೆ. ಮತ್ತೆ ಆ ಮನೆಯ ಕಡೆ ಹೋಗುವ ಮುಖ ಇರಲಿಲ್ಲ.

ಅದಾದ ಮೇಲಿನ ಗುರುವಾರ ಮೆಟ್ಟಿಲಿನಲ್ಲಿ ಧಡಧಡ ಸದ್ದು. ಕಾದಿದ್ದವರನ್ನೆಲ್ಲ ದಾಟಿಕೊಂಡು ಒಬ್ಬ ದಪ್ಪ ಹೆಂಗಸು ಒಳಗೇ ಬಂದು ಸೊಂಟಕ್ಕೆ ಕೈಯಿಟ್ಟು ನಿಂತಳು.

“ನಮ್ಮ ವಾರಿಜನ ಒಳ್ಳೆ ಹಲ್ಲು ಕಿತ್ತ ಡಾಕ್ಟ್ರು ನೀವೇಯಾ? ಓದಿದ್ದು ಎಂಥದ್ದು ನೀವು? ಕುಂಬಳಕಾಯಿಯಾ ಕೊಯ್ಯಲಿಕ್ಕೆ, ಬೇಕಾದ ಹಾಗೆ? ಪಾಪದ ಹೆಂಗಸು, ಬಾಯಿ ಇಲ್ಲದವಳು ಅಂತ ಅಲ್ವಾ? ಕೇಳುವವರು ಯಾರೂ ಇಲ್ಲ ಅಂತ ಮಾಡಿದ್ರಾ? ನನ್ನ ಜಗಲಿಗೆ ಬಂದು ಕೂತು ಎಲ್ಲ ಹೇಳಿದ್ದಾಳೆ ಇವಳು. ನಾನಿದ್ದೇನೆ, ಸರಸು!”

ನನ್ನ ಜೀವನದಲ್ಲಿ ನನಗೆ ಅಷ್ಟು ಬೈದವರು ಇನ್ನೊಬ್ಬರಿಲ್ಲ, ದೊಡ್ಡ ಡಾಕ್ಟ್ರೂ ಇಲ್ಲ. ಬೇರೆ ದಿನವಾದರೆ ನಾನೂ ಸುಮ್ಮನಿರುವವಳಲ್ಲ. ಅವತ್ತು ಇಕ್ಕಳ ಕೈಯಲ್ಲಿ ಹಿಡಿದುಕೊಂಡು, ಒಂದೊಂದು ಬೈಗುಳವನ್ನೂ ಸಂತೋಷದಿಂದ ಕೇಳಿದೆ.

ಬಾಗಿಲ ಹತ್ತಿರ ನಿಂತ ವಾರಿಜಕ್ಕ, “ಸಾಕು ಸರಸಕ್ಕಾ, ಬಿಡು ಮಾರಾಯ್ತಿ” ಅಂತ ಅವಳ ಸೆರಗು ಜಗ್ಗುತ್ತಿದ್ದರು. ಸರಸು ಬಿಡದೆ, “ನೀನು ಸುಮ್ನಿರು, ಇವರಿಗೂ ಎರಡು ತೆಗೆದ್ರೆ ಗೊತ್ತಾಗ್ತದೆ” ಅಂದಳು. ಅದನ್ನು ಕೇಳಿ ವಾರಿಜಕ್ಕ ನಕ್ಕರು. ಕೈ ಅಡ್ಡ ಹಿಡಿಯದೆ, ಮೂರು ಬೆರಳು ಸಲೀಸಾಗಿ ಹೋಗುವಷ್ಟು ಬಾಯಿ ತೆರೆದು ನಕ್ಕರು. ಇಪ್ಪತ್ತಾರು ಹಲ್ಲೂ ಇದ್ದವು. ಎಡಗಡೆ ಒಳಗೆ, ಮೇಲೊಂದು ಕೆಳಗೊಂದು, ನಾನು ಮಾಡಿದ ಖಾಲಿ ಜಾಗವೂ ಕಂಡಿತು.